ಉಪ್ಪರಿಗೆಯ ಇಂಗ್ಲಿಷ್

ನಮ್ಮ ಮನೆಯಲ್ಲಿ ಮಕ್ಕಳನ್ನು ಹೆದರಿಸಲು ಯಾರೂ ಕತ್ತಲೆಯ ಹೆಸರೆತ್ತುತ್ತಿರಲಿಲ್ಲ, ಮಧ್ಯಾಹ್ನದ ಹೆಸರೆತ್ತುತ್ತಿದ್ದರು. ಕಾಪು ಪೇಟೆಯಿಂದ ಸಮುದ್ರದ ಕಡೆಗೆ ಇಳಿಯುವ ಮರಳುದಾರಿಯಲ್ಲಿ, ದೀಪಸ್ತಂಭ ಕಾಣಿಸಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಬಲಗಡೆಗೆ ಇದ್ದ ಹಂಚಿನ ಮನೆ ನಮ್ಮದು. ಅಲ್ಲಿ ಹನ್ನೆರಡರಿಂದ ಎರಡು ಗಂಟೆಯವರೆಗೆ ಎಲ್ಲವೂ ನಿಂತುಬಿಡುತ್ತಿತ್ತು. ಬಾವಿಕಟ್ಟೆಗೆ ಹೋಗಬಾರದು, ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ನಿಲ್ಲಬಾರದು, ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು, ಉಪ್ಪರಿಗೆಯ ಮೆಟ್ಟಿಲನ್ನಂತೂ ಹತ್ತಲೇಬಾರದು. ಆ ಹೊತ್ತು ಸತ್ತವರದು ಎಂದು ಅಜ್ಜಿ ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಭಯವೇನೂ ಇರುತ್ತಿರಲಿಲ್ಲ, ಉಡುಪಿಗೆ ಹೋಗುವ ಬಸ್ಸಿನ ಹೊತ್ತು ಹೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದರು. ಅದರಿಂದಲೇ ನಮಗೆ ಹೆಚ್ಚು ಹೆದರಿಕೆಯಾಗುತ್ತಿತ್ತು. ಊಟ ಮುಗಿಸಿ ದೊಡ್ಡವರೆಲ್ಲ ಚಾವಡಿಯ ತಂಪು ನೆಲದಲ್ಲಿ ಮಲಗಿದ ಮೇಲೆ, ಅಂಗಳದ ಮರಳು ಬಿಸಿಲಿಗೆ ಬೆಳ್ಳಗೆ ಕಾಯುತ್ತಿರುವಾಗ, ಸಮುದ್ರದ ಸದ್ದೂ ಯಾಕೋ ದೂರ ಸರಿದಂತಾಗಿ ಮನೆಯೊಳಗೆ ಕಿವಿ ಕಟ್ಟುವಂಥ ಮೌನ ತುಂಬುತ್ತಿತ್ತು. ಇವತ್ತಿಗೂ ನನಗೆ ರಾತ್ರಿ ಒಬ್ಬಳೇ ಇರುವುದು ಕಷ್ಟವಲ್ಲ. ಬೇಸಿಗೆಯ ಮಧ್ಯಾಹ್ನ ಒಬ್ಬಳೇ ಇರಲಾರೆ.

ಮನೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ, ಆದರೆ ಮಾತು ನಡೆಯುವುದು ಗಂಡಿನದು. ಅಮ್ಮನ ಅಣ್ಣ ಶೀನ ಮಾವ ಯಜಮಾನರು. ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು, ತಿಂಗಳಿಗೊಮ್ಮೆ ಬಂದು ನೆಂಟರಂತೆ ಎರಡು ದಿನ ಇದ್ದು ಹೋಗುತ್ತಿದ್ದರು. ನಾನು, ನನ್ನ ಇಬ್ಬರು ತಂಗಿಯಂದಿರು, ಇಷ್ಟೇ ಜನ. ಇನ್ನೊಬ್ಬಳು ಲೆಕ್ಕಕ್ಕೆ ಸೇರದೆ ಇದ್ದಳು. ಅಮ್ಮನ ಅಕ್ಕ ಸುಮತಿ, ನಾನು ಹುಟ್ಟುವ ಕೆಲವು ವರ್ಷ ಮೊದಲೇ ತೀರಿಕೊಂಡವಳು. ನಾವು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆವು, ಆದರೆ ಅವಳಿಗೆ ಹದಿನಾರೇ ವರ್ಷ. ನಾನು ಬೆಳೆಯುತ್ತ ಬಂದ ಹಾಗೆ ಅವಳು ನನಗೆ ಚಿಕ್ಕವಳಾಗುತ್ತ ಬಂದಳು. ಉಪ್ಪರಿಗೆಯಲ್ಲಿ ಅವಳ ತಗಡಿನ ಪೆಟ್ಟಿಗೆಯೂ ಒಂದು ಬೆತ್ತದ ಕುರ್ಚಿಯೂ ಇದ್ದವು. ಪೆಟ್ಟಿಗೆಯನ್ನು ಯಾರೂ ತೆರೆಯುವಂತಿಲ್ಲ, ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ. ಸತ್ತ ಹುಡುಗಿಯ ಸಾಮಾನು ಮುಟ್ಟಿದರೆ ಅವಳು ಮುಟ್ಟಿದವರ ಬೆನ್ನು ಹತ್ತುತ್ತಾಳೆ ಎಂಬುದು ಮನೆಯ ಕಾನೂನು.

ವರ್ಷಕ್ಕೊಮ್ಮೆ, ಮಳೆಗಾಲದ ಆಟಿ ತಿಂಗಳಲ್ಲಿ, ಹೊಲದ ಕೆಲಸ ಮುಗಿದು ಶುಭಕಾರ್ಯಗಳೆಲ್ಲ ನಿಂತ ಹೊತ್ತಿನಲ್ಲಿ, ಮನೆಯಲ್ಲಿ ಸತ್ತವರಿಗೆ ಊಟ ಬಡಿಸುತ್ತಿದ್ದೆವು. ಒಳಗಿನ ಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಕಡುಬು, ಕೋಳಿಸಾರು, ಅನ್ನ ಬಡಿಸಿ, ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ಉಸಿರು ಹಿಡಿದು ನಿಲ್ಲಬೇಕು. ಅವರು ಉಂಡು ಏಳುವಷ್ಟು ಹೊತ್ತಾದ ಮೇಲೆ ಶೀನ ಮಾವ ಕೆಮ್ಮಿ, ಬಾಗಿಲು ತಟ್ಟಿ, ಆಮೇಲೆ ತೆರೆಯುತ್ತಿದ್ದರು. ಕೊನೆಯ ಎಲೆ ಸುಮತಿಯದು. ಅದರ ಮುಂದೆ ಅಜ್ಜಿ ಕೂತು, ಜೀವಂತ ಮಗಳೊಡನೆ ಮಾತಾಡುವ ಹಾಗೆ, ಸಾಕಾಯಿತಾ, ಇನ್ನೊಂದು ಕಡುಬು ಹಾಕಲಾ ಎಂದು ತುಳುವಿನಲ್ಲಿ ಕೇಳುತ್ತಿದ್ದರು. ಉತ್ತರಕ್ಕೆ ಕಾಯುತ್ತಲೂ ಇದ್ದರು. ಆ ಕಾಯುವಿಕೆಯನ್ನು ನೋಡಲಾಗದೆ ಅಮ್ಮ ಏನಾದರೂ ನೆವ ತೆಗೆದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಸುಮತಿ ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲ ಮೊದಲನೆಯವಳು. ಆ ಕಾಲದಲ್ಲಿ, ಹುಡುಗಿಯರು ಮೂರನೆಯ ತರಗತಿಗೇ ಸ್ಲೇಟು ಒಡೆದು ಕೂರುತ್ತಿದ್ದಾಗ, ಅವಳು ಹಟ ಹಿಡಿದು ಉಡುಪಿಯಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದಳಂತೆ. ಪರೀಕ್ಷೆಗೆ ಮೂರು ತಿಂಗಳು ಇರುವಾಗ ಕಾರ್ಕಳದ ಕಡೆಯ ಒಂದು ಒಳ್ಳೆಯ ಸಂಬಂಧ ಬಂತು. ಪರೀಕ್ಷೆ ಮುಗಿಸಿ ಬರುತ್ತೇನೆ ಎಂದು ಅವಳು ಗೋಗರೆದಳು. ಅಜ್ಜಿ ತಾವೇ ಹೋಗಿ ಪೆಟ್ಟಿಗೆ ಸಮೇತ ಕರೆದುಕೊಂಡು ಬಂದರು. ಬಂದ ಹದಿನೈದು ದಿನಕ್ಕೆ ಜ್ವರ ಹಿಡಿದು, ಮದುವೆಯ ಚಪ್ಪರ ಏಳುವ ಮೊದಲೇ ಅವಳು ಹೋದಳು. ಇಷ್ಟನ್ನು ಅಮ್ಮ ನನಗೆ ಹೇಳಿದ್ದಳು. ಶೀನ ಮಾವ ಇದರಿಂದ ಕಲಿತ ಪಾಠ, ಈ ಮನೆಯ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಆಗಿಬರುವುದಿಲ್ಲ ಎಂಬುದು. ಶಾಲೆಯಲ್ಲಿ ಹೇಳಿಕೊಟ್ಟಷ್ಟು ಸಾಕು, ಮನೆಯಲ್ಲಿ ಆ ಭಾಷೆಯ ಗದ್ದಲ ಬೇಡ ಎಂದು ನನಗೆ ಖಡಾಖಂಡಿತವಾಗಿ ಹೇಳಿದ್ದರು. ಹತ್ತನೆಯ ತರಗತಿ ಪಾಸಾದರೆ ಮುಂದೆ ನೋಡೋಣ, ಫೇಲಾದರೆ ಮನೆಯಲ್ಲಿರಲಿ ಎಂದೂ ತೀರ್ಮಾನಿಸಿದ್ದರು. ನನ್ನನ್ನು ಫೇಲು ಮಾಡಬಲ್ಲ ವಿಷಯ ಒಂದೇ ಇತ್ತು, ಅದು ಇಂಗ್ಲಿಷ್.

ಸುರುವಿನಲ್ಲಿ ನಾನು ಇಂಗ್ಲಿಷಿನಲ್ಲಿ ಜಾಣೆಯೇ. ಹಸು, ದೀಪಾವಳಿ, ನನ್ನ ಗೆಳತಿ ಇವುಗಳ ಮೇಲೆ ಹತ್ತು ಹತ್ತು ವಾಕ್ಯ ಬರೆದು ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಆಮೇಲೆ ನಡುವಿನಲ್ಲಿ ಸಿಕ್ಕಿಬಿದ್ದೆ. ಅಷ್ಟಿಷ್ಟು ಬರುತ್ತದೆ ಎನ್ನುವ ಆ ಹಂತ ಏನೂ ಬಾರದ ಹಂತಕ್ಕಿಂತ ಕಷ್ಟದ್ದು. ಕಾಲು ನೆಲಕ್ಕೆ ತಾಗುವುದಿಲ್ಲ, ಈಜೂ ಬರುವುದಿಲ್ಲ. ಓದಿದರೆ ಒಂದೊಂದು ಶಬ್ದವೂ ಗೊತ್ತು, ಒಟ್ಟು ಏನು ಹೇಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಯಾರಾದರೂ ಮಾತಾಡಿಸಿದರೆ ಉತ್ತರ ತಲೆಯೊಳಗೆ ಉಂಟು, ಗಂಟಲಿಗೆ ಇಳಿಯುವುದಿಲ್ಲ. ನಮ್ಮ ಇಂಗ್ಲಿಷ್ ಟೀಚರು ಸೆಲೀನ್ ಬಾಯಿ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನದವರು, ಸಣಕಲು ದೇಹ, ದೊಡ್ಡ ದನಿ. ರಜೆ ಸುರುವಾಗುವ ದಿನ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು.

“ನಿನ್ನ ಇಂಗ್ಲಿಷ್ ಎಲ್ಲ ಕಣ್ಣಿನಲ್ಲೇ ಉಂಟು ಮಾರಾಯ್ತಿ. ಅದು ಬಾಯಿಗೆ ಬರಬೇಕು. ದಿನಕ್ಕೆ ಒಂದು ಗಂಟೆ ದೊಡ್ಡದಾಗಿ ಓದು, ಯಾರು ನಗಾಡಿದರೂ ಓದು. ಇಲ್ಲದಿದ್ದರೆ ನೀನು ಪಾಸಾಗುವುದಿಲ್ಲ, ನಾನು ಸುಳ್ಳು ಹೇಳುವುದಿಲ್ಲ.”

ದೊಡ್ಡದಾಗಿ ಓದುವುದೆಲ್ಲಿ? ಚಾವಡಿಯಲ್ಲಿ ಮಾವ, ಅಡುಗೆಮನೆಯಲ್ಲಿ ಅಣಕಿಸುವ ತಂಗಿಯಂದಿರು, ಸಮುದ್ರದ ದಡದಲ್ಲಿ ಮೀನು ಒಣಹಾಕುವ ಜನ. ಇಡೀ ಮನೆಯಲ್ಲಿ ಯಾರೂ ಕಾಲಿಡದ ಒಂದು ಜಾಗ, ಯಾರೂ ಏಳದ ಒಂದು ಹೊತ್ತು ಇತ್ತು. ಮೂರು ದಿನ ಯೋಚಿಸಿ ನಾಲ್ಕನೆಯ ದಿನ ಮಧ್ಯಾಹ್ನ ನಾನು ಮೆಟ್ಟಿಲು ಹತ್ತಿದೆ. ಫೇಲಾಗುವ ಭಯ ಸತ್ತವರ ಭಯಕ್ಕಿಂತ ದೊಡ್ಡದಾಗಿತ್ತು, ಅಷ್ಟೇ. ಉಪ್ಪರಿಗೆಯಲ್ಲಿ ಹಂಚಿನ ಕಾವು ನೆತ್ತಿಗೆ ಇಳಿಯುತ್ತಿತ್ತು. ಹಳೆಯ ಚಾಪೆ, ಇಲಿಯ ಹಿಕ್ಕೆ, ಒಣಹುಣಸೆಯ ವಾಸನೆ. ಗಾಜಿನ ಹಂಚಿನಿಂದ ಬಿದ್ದ ಒಂದು ಚೌಕ ಬಿಸಿಲು ಸರಿಯಾಗಿ ಆ ಬೆತ್ತದ ಕುರ್ಚಿಯ ಮೇಲೆ ಕೂತಿತ್ತು. ನಾನು ನೆಲದ ಮೇಲೆ, ಕುರ್ಚಿಗೆ ಬೆನ್ನು ಹಾಕದೆ ಕೂತು, ನನ್ನ ಪುಸ್ತಕ ತೆರೆದು ಓದಲು ನೋಡಿದೆ. ಎರಡು ಸಾಲಿಗೊಮ್ಮೆ ತಡವರಿಸಿದೆ. ಪೆಟ್ಟಿಗೆಯನ್ನು ತೆರೆದದ್ದು ಎರಡನೆಯ ವಾರ. ಅದರಲ್ಲಿ ಇಂಗ್ಲಿಷ್ ಪುಸ್ತಕ ಇರಲೇಬೇಕು ಎಂದು ನನಗೆ ಹೇಗೋ ಗೊತ್ತಿತ್ತು.

ಇತ್ತು. ನೀಲಿ ರಟ್ಟಿನ ಪಾಠಪುಸ್ತಕ, ಹುಳ ತಿಂದ ಅಂಚು. ಪ್ರತಿ ಪುಟದಲ್ಲೂ ಶಬ್ದಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಕನ್ನಡದ ಅರ್ಥ, ವಾಕ್ಯದ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೊಂದು ಗೀಟು, ದನಿ ಎಲ್ಲಿ ಏರಬೇಕೋ ಅಲ್ಲೊಂದು ಮೇಲ್ಮುಖದ ಗೆರೆ. ನನ್ನಂತೆಯೇ ನಡುವಿನಲ್ಲಿ ಸಿಕ್ಕಿಬಿದ್ದವಳೊಬ್ಬಳು ದಡ ಹತ್ತಲು ಹಾಕಿಕೊಂಡ ಹಗ್ಗ ಅದು. ನಾನು ಅದನ್ನೇ ಹಿಡಿದುಕೊಂಡೆ. ಅವಳು ಉಸಿರು ಬಿಟ್ಟಲ್ಲಿ ಬಿಟ್ಟೆ, ಅವಳು ಏರಿದಲ್ಲಿ ಏರಿದೆ. ಹನ್ನೊಂದನೆಯ ಪಾಠ ಒಂದು ರೈಲು ನಿಲ್ದಾಣದ ಸಂಭಾಷಣೆ. ರೈಲು ಎಷ್ಟು ಹೊತ್ತಿಗೆ ಬರುತ್ತದೆ, ಇನ್ನೂ ತಡವೇ, ಈ ಜಾಗದಲ್ಲಿ ಯಾರಾದರೂ ಕೂತಿದ್ದಾರೆಯೇ, ನಾನು ಇಲ್ಲಿ ಕೂರಬಹುದೇ ಎಂದೆಲ್ಲ ಒಬ್ಬ ಪ್ರಯಾಣಿಕ ಕೇಳುತ್ತಾನೆ. ಕಾಪುವಿನಲ್ಲಿ ರೈಲು ಕಂಡವರು ಎಷ್ಟು ಜನ? ಆದರೂ ಆ ಪಾಠ ಅವಳಿಗೆ ತುಂಬ ಇಷ್ಟವಾಗಿತ್ತು ಎಂದು ಕಾಣುತ್ತದೆ, ಪುಟ ತಿರುವಿ ತಿರುವಿ ಮೂಲೆ ಸವೆದು ಹೋಗಿತ್ತು. ಅವಳ ಪೆನ್ಸಿಲು ಅಲ್ಲಿಗೆ ನಿಂತಿತ್ತು. ಮುಂದಿನ ಪಾಠಗಳಿಗೆ ಅರ್ಥ ಬರೆಯುವವಳು ನಾನಾದೆ. ಅವಳ ಅಕ್ಷರದ ಪಕ್ಕ ಚಂದ ಕಾಣಲಿ ಎಂದು ಅವಳ ಹಾಗೆಯೇ ಸಣ್ಣಗೆ, ಬಲಕ್ಕೆ ವಾಲಿಸಿ ಬರೆದೆ. ಆ ಪುಸ್ತಕ ಈಗಲೂ ನನ್ನಲ್ಲಿದೆ. ಅವಳು ಎಲ್ಲಿ ನಿಂತಳು, ನಾನು ಎಲ್ಲಿ ಸುರು ಮಾಡಿದೆ ಎಂದು ಕನ್ನಡಕ ಹಾಕಿಕೊಂಡು ನೋಡಿದರೂ ಈಗ ಗುರುತು ಹತ್ತುವುದಿಲ್ಲ.

ಒಂದು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಓದಿ ಇಳಿಯುವಾಗ ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ಒಂದು ಲೋಟ ಮಜ್ಜಿಗೆ ಇತ್ತು. ಉಪ್ಪು, ಶುಂಠಿ, ಮೇಲೆ ತೇಲುವ ಕರಿಬೇವು. ಗಂಟೆ ಹೊತ್ತು ದನಿ ತೆಗೆದು ಓದಿ ನನ್ನ ಗಂಟಲು ಒಣಗಿತ್ತು. ಅಮ್ಮ ನನ್ನ ಗುಟ್ಟು ತಿಳಿದು ಕರುಣೆಯಿಂದ ಇಟ್ಟಿದ್ದಾಳೆ ಎಂದುಕೊಂಡು ಗಟಗಟನೆ ಕುಡಿದು ಲೋಟವನ್ನು ಅಲ್ಲೇ ಇಟ್ಟೆ. ಮರುದಿನವೂ ಇತ್ತು, ಕುಡಿದೆ. ಮೂರನೆಯ ದಿನ ಮಜ್ಜಿಗೆಯ ಜೊತೆಗೆ ಬೆಲ್ಲದ ತುಂಡು ಇತ್ತು, ತಿಂದೆ. ಅಮ್ಮನ ಮುಖ ನೋಡಿ ನಕ್ಕೆ. ಅಮ್ಮ, ಎಂತ ಹಲ್ಲು ಕಿರಿಯುತ್ತೀ ಎಂದು ಗದರಿದಳು. ಆಗಲೂ ನನ್ನ ತಲೆಗೆ ಹೋಗಲಿಲ್ಲ. ಆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿಕೊಂಡರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ಬೆಳಕಿತ್ತು.

“ಸುಮತಿ ಬಂದಿದ್ದಾಳೆ. ದಿನಾ ಮಧ್ಯಾಹ್ನ ಮಾತಾಡುತ್ತಾಳೆ, ನಾನು ಮೆಟ್ಟಿಲ ಬುಡದಲ್ಲಿ ಕೂತು ಕೇಳಿದ್ದೇನೆ. ಮೂರು ದಿನದಿಂದ ನಾನು ಇಟ್ಟು ತಿರುಗಿ ನೋಡದೆ ಬಂದದ್ದನ್ನು ಕುಡಿಯುತ್ತಾಳೆ.”

ಆ ಮೂರು ಲೋಟವನ್ನೂ ಕುಡಿದವಳು ನಾನು. ಮಾವ, ಯಾರದೋ ದನಿ ಇರಬೇಕು ಎಂದು ಗೊಣಗಿದರು. ಆಗ ಅಜ್ಜಿ, ಇಪ್ಪತ್ತು ವರ್ಷಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದರು. ಜ್ವರದ ಕೊನೆಯ ಎರಡು ದಿನ ಸುಮತಿ ಒಂದೇ ಸಮ ಮಾತಾಡಿದಳು, ಆದರೆ ಒಂದಕ್ಷರ ತುಳುವಿಲ್ಲ, ಕನ್ನಡವಿಲ್ಲ, ಎಲ್ಲ ಇಂಗ್ಲಿಷ್. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತ ತಾಯಿಗೆ ಅವಳು ನೀರು ಕೇಳಿದಳೋ, ಬೈದಳೋ, ಹೋಗಿ ಬರುತ್ತೇನೆ ಎಂದಳೋ ತಿಳಿಯಲಿಲ್ಲ. ಅದೇ ಏರಿಳಿತ, ಅದೇ ಕಡೆ ಉಸಿರು ಬಿಡುವುದು, ಈಗ ಮೇಲಿನಿಂದ ಕೇಳುವುದೂ ಅದೇ ಎಂದರು ಅಜ್ಜಿ. ಅಷ್ಟಕ್ಕೇ ಸುಮ್ಮನಾಗದೆ, ಶಬ್ದವಿಲ್ಲದ ಬರೀ ಧಾಟಿಯನ್ನು ಮೂಗಿನಲ್ಲಿ ಗುನುಗಿ ತೋರಿಸಿದರು. ಅದು ಹನ್ನೊಂದನೆಯ ಪಾಠ. ರೈಲು ಎಷ್ಟು ಹೊತ್ತಿಗೆ, ಇನ್ನೂ ತಡವೇ, ನಾನು ಇಲ್ಲಿ ಕೂರಬಹುದೇ.

ಆ ಕ್ಷಣದಲ್ಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದ್ದರೆ ಮಾವ ನನ್ನ ಶಾಲೆ ಅಂದೇ ಬಿಡಿಸುತ್ತಿದ್ದರು. ಪೆಟ್ಟಿಗೆ ಮುಟ್ಟಿದವಳು, ಮಧ್ಯಾಹ್ನ ಉಪ್ಪರಿಗೆ ಹತ್ತಿದವಳು, ಸತ್ತವಳ ಪಾಲಿನ ಮಜ್ಜಿಗೆ ಕುಡಿದವಳು. ಅದೂ ಅಲ್ಲದೆ, ನಿಮ್ಮ ಮಗಳು ಸಾಯುವಾಗ ಹೇಳಿದ್ದು ಪಾಠಪುಸ್ತಕದ ರೈಲಿನ ಮಾತು ಎಂದು ಅಜ್ಜಿಗೆ ಹೇಗೆ ಹೇಳುವುದು? ನಾನು ಬಾಯಿ ಮುಚ್ಚಿಕೊಂಡೆ. ಇದನ್ನು ಸಂಕಟ ಎಂದು ಈಗ ಕರೆಯಬಹುದು, ಆಗ ಅದು ಮುಕ್ಕಾಲು ಪಾಲು ಸ್ವಾರ್ಥ.

ಮಾವ ಹಿರಿಯಡ್ಕದ ಒಬ್ಬ ಬಲ್ಲವನ ಹತ್ತಿರ ಹೋಗಿ ಕವಡೆ ಹಾಕಿಸಿ ಪ್ರಶ್ನೆ ಇಡಿಸಿಕೊಂಡು ಬಂದರು. ಅವನು ಹೇಳಿದ್ದು ಊರಲ್ಲಿ ಯಾರಾದರೂ ಹೇಳಬಹುದಾದದ್ದೇ: ಮದುವೆಯಾಗದೆ ಹೋದ ಹುಡುಗಿ, ಮದುವೆ ಕೇಳುತ್ತಿದ್ದಾಳೆ. ನಮ್ಮ ಕಡೆ ಹೀಗೆ ಸತ್ತ ಹುಡುಗಿಗೆ ಸತ್ತ ಹುಡುಗನನ್ನು ಹುಡುಕಿ, ಜಾತಿ, ಗೋತ್ರದಂಥ ಬಳಿ ನೋಡಿ, ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ನಿಟ್ಟೆಯ ಕಡೆ ಹೊಳೆ ದಾಟುವಾಗ ತೀರಿಹೋದ ಇಪ್ಪತ್ತರ ಹುಡುಗನೊಬ್ಬನ ಮನೆಯವರು ಒಪ್ಪಿದರು. ಅವನ ತಾಯಿ ನೋಡಲು ಬಂದಳು. ಇಬ್ಬರು ಮುದುಕಿಯರು ಎದುರೆದುರು ಕೂತು, ಎಲೆ ಅಡಿಕೆ ಹಾಕಿಕೊಂಡು, ಹುಡುಗಿಗೆ ಹದಿನಾರು ಹುಡುಗನಿಗೆ ಇಪ್ಪತ್ತು, ಜೋಡಿ ಸರಿಯಾಗುತ್ತದೆ ಎಂದು ಮಾತಾಡಿಕೊಂಡರು. ಬದುಕಿದ್ದರೆ ಅವರಿಬ್ಬರಿಗೂ ನಲವತ್ತರ ಹತ್ತಿರ. ನಮ್ಮ ಹುಡುಗಿ ಓದಿದವಳು, ಒರಟು ಕೆಲಸ ಮಾಡಿ ಅಭ್ಯಾಸವಿಲ್ಲ ಎಂದು ಅಜ್ಜಿ ಸಂಕೋಚದಿಂದ ಹೇಳಿದರು. ನನ್ನ ಮನೆಯಲ್ಲಿ ಅವಳಿಗೆ ಒಂದು ಕೊಡ ನೀರೂ ಹೊರಿಸುವುದಿಲ್ಲ ಎಂದಳು ಆ ತಾಯಿ. ಬಾಗಿಲ ಹಿಂದೆ ನಿಂತ ನನಗೆ ನಗು ಬರಬೇಕಿತ್ತು, ಅಳು ಬಂತು.

ಮದುವೆಯಾದ ಮೇಲೆ ಹುಡುಗಿ ಗಂಡನ ಮನೆಗೆ ಹೋಗಬೇಕಲ್ಲ. ಅವಳ ಪೆಟ್ಟಿಗೆ, ಕುರ್ಚಿ, ಎಲ್ಲ ಅವಳ ಜೊತೆಗೆ ನಿಟ್ಟೆಗೆ ಹೋಗುವುದು ಎಂದು ನಿಶ್ಚಯವಾಯಿತು. ಪುಸ್ತಕವೂ ಹೋಗುತ್ತದೆ. ಶಾಲೆ ಆಗಲೇ ಸುರುವಾಗಿತ್ತು, ನಾನು ಈಗ ಶನಿವಾರ ಭಾನುವಾರ ಮಾತ್ರ ಕದ್ದು ಹತ್ತಿ, ಪಿಸುದನಿಯಲ್ಲಿ ಓದುತ್ತಿದ್ದೆ. ಸೆಲೀನ್ ಬಾಯಿ ತರಗತಿಯಲ್ಲಿ ನನ್ನಿಂದ ಒಂದು ಪುಟ ಓದಿಸಿ, ಏನು ಮಾಡಿದೆ ಹೆಣ್ಣೇ ನೀನು, ಬೇರೆಯವಳೇ ಆಗಿಬಿಟ್ಟಿದ್ದೀ ಎಂದಿದ್ದರು. ಹೊಗಳಿಕೆ ಕೇಳಿ ನನಗೆ ಖುಷಿಯಾಗಲಿಲ್ಲ. ಅವರು ಹೇಳಿದ್ದು ನಿಜವೇನೋ ಅನ್ನಿಸಿತು. ಆ ಪುಸ್ತಕ ಕೈಬಿಟ್ಟರೆ ನಾನು ಮತ್ತೆ ನಡುನೀರಿಗೆ ಬೀಳುತ್ತೇನೆ ಎಂಬ ಹೆದರಿಕೆ ನನ್ನನ್ನು ಕಿತ್ತು ತಿನ್ನುತ್ತಿತ್ತು.

ಮದುವೆಯ ಹಿಂದಿನ ದಿನ, ಮಳೆ ಹಿಂಗಿ ಚುರುಕು ಬಿಸಿಲು ಬಿದ್ದ ಮಧ್ಯಾಹ್ನ, ಎಲ್ಲರೂ ಮಲಗಿದ ಮೇಲೆ ಅಜ್ಜಿ ಬಂದು ನನ್ನ ಕೈ ಹಿಡಿದು ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಹೋದರು.

“ಆ ಸಲ ನಾನು ಅವಳನ್ನು ಕೇಳಲಿಲ್ಲ. ಈ ಸಲ ಕೇಳಬೇಕು. ನಾನು ತುಳುವಿನಲ್ಲಿ ಇಷ್ಟು ವರ್ಷ ಕೇಳಿದ್ದಕ್ಕೆ ಅವಳು ಉತ್ತರ ಕೊಡಲಿಲ್ಲ. ಅವಳು ಇಂಗ್ಲಿಷಿನಲ್ಲೇ ಹೋದವಳು. ನೀನು ಹತ್ತಿ ಹೋಗಿ ಇಂಗ್ಲಿಷಿನಲ್ಲಿ ಕೇಳು, ಈ ಮದುವೆಗೆ ಮನಸ್ಸುಂಟಾ ಅಂತ. ಹೆದರಬೇಡ, ನಾನು ಇಲ್ಲೇ ಇರುತ್ತೇನೆ.”

ಇದಕ್ಕಿಂತ ಸುಲಭದ ಅವಕಾಶ ಸಿಗದು ಎಂದು ನನ್ನ ಕಳ್ಳ ಮನಸ್ಸು ತಕ್ಷಣ ಲೆಕ್ಕ ಹಾಕಿತು. ಪ್ರಶ್ನೆ ನಾನೇ ಕೇಳುವುದು, ಆಮೇಲೆ ಪುಸ್ತಕದ ಯಾವುದಾದರೂ ನಾಲ್ಕು ಸಾಲನ್ನು ಸ್ವಲ್ಪ ದನಿ ಬದಲಿಸಿ ನಾನೇ ಹೇಳುವುದು, ಇಳಿದು ಬಂದು ನನಗೆ ಬೇಕಾದ ಅರ್ಥ ಹೇಳುವುದು. ಮೆಟ್ಟಿಲು ಹತ್ತಿದೆ. ಬಿಸಿಲಿನ ಚೌಕ ಅದೇ ಕುರ್ಚಿಯ ಮೇಲಿತ್ತು. ಮದುವೆಗೆಂದು ತೊಳೆದು ಒರೆಸಿದ್ದರಿಂದ ಕುರ್ಚಿ ಹೊಸದರ ಹಾಗೆ ಕಾಣುತ್ತಿತ್ತು. ಆ ಮೂರು ತಿಂಗಳಲ್ಲಿ ಮೊದಲ ಬಾರಿಗೆ ನಾನು ಅದರ ಎದುರಿಗೆ ನಿಂತು, ಅದನ್ನು ನೋಡುತ್ತ ಮಾತಾಡಬೇಕಿತ್ತು. ಪ್ರಶ್ನೆಗೆ ಸರಿಯಾದ ಶಬ್ದ ನನ್ನಲ್ಲಿರಲಿಲ್ಲ. ಮನಸ್ಸುಂಟಾ ಎಂಬುದಕ್ಕೆ ಆ ಪುಸ್ತಕದಲ್ಲಿ ಪಾಠವಿಲ್ಲ. ಕೊನೆಗೆ, ಡು ಯು ಲೈಕ್ ಟು ಗೋ, ಎಂದು ಕೇಳಿದೆ. ನನ್ನ ದನಿ ಮಗುವಿನ ದನಿಯಂತೆ ಹಂಚಿಗೆ ತಾಗಿ ಕೆಳಗೆ ಬಿತ್ತು.

ಆಮೇಲೆ ನಾನು ಉತ್ತರದ ಸಾಲುಗಳನ್ನು ಹೇಳಬೇಕಿತ್ತು. ಬಾಯಿ ತೆರೆದೆ. ಪುಸ್ತಕ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಯನ್ನು ಮುಟ್ಟಲು ಕೈ ಹೋಗಲಿಲ್ಲ. ಬಾಯಿಪಾಠವಾಗಿದ್ದ ಹನ್ನೊಂದನೆಯ ಪಾಠದ ಒಂದೇ ಒಂದು ಶಬ್ದವೂ ನೆನಪಾಗಲಿಲ್ಲ. ಒಂದು ನೊಣ ಕೂಡ ಹಾರುತ್ತಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಬಿಸಿಲಿನ ಚೌಕ ಕುರ್ಚಿಯ ಕೈಯಿಂದ ಜಾರಿ ನೆಲಕ್ಕೆ ಬಂದಿತ್ತು. ಮತ್ತೊಂದು ಮಾತೂ ಆಡದೆ, ಒಂದು ಮಾತೂ ಕೇಳಿಸದೆ, ಬೆವರಿನಿಂದ ಒದ್ದೆಯಾಗಿ ಇಳಿದು ಬಂದೆ. ಆಗಲಿಲ್ಲ ಅಜ್ಜಿ, ಉತ್ತರ ಬರಲಿಲ್ಲ ಎಂದು ಹೇಳುವುದಕ್ಕೆ ತಯಾರಾಗಿಯೇ ಬಂದೆ.

ಅಜ್ಜಿ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಸೆರಗಿನ ತುದಿ ಬಾಯಿಯಲ್ಲಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಎಷ್ಟು ಹೊತ್ತು ಮಾತಾಡಿದಳು ಮಗಾ. ನೀನು ಒಂದು ಕೇಳಿದೆ, ಅವಳು ಅಷ್ಟುದ್ದ ಹೇಳಿದಳು. ಎಂತ ಹೇಳಿದಳು?”

ನಾನು ಅವರ ಪಕ್ಕದಲ್ಲೇ ಕೂತೆ. ತಿರುಗಿ ಮೇಲೆ ನೋಡುವ ಧೈರ್ಯ ನನಗಿರಲಿಲ್ಲ. ಅಜ್ಜಿ ಸುಳ್ಳು ಹೇಳುವವರಲ್ಲ, ಅವರ ಕಿವಿ ಚುರುಕು, ನಾನು ಕೇಳಿದ ಒಂದು ಪ್ರಶ್ನೆಯನ್ನೂ ಅದರ ಆಚೆಗಿನದನ್ನೂ ಅವರು ಬೇರೆ ಬೇರೆ ಮಾಡಿ ಹೇಳುತ್ತಿದ್ದರು. ಅವರು ನನ್ನ ಮುಖವನ್ನೇ ನೋಡುತ್ತ ಕಾದರು, ಆಟಿಯ ಎಲೆಯ ಮುಂದೆ ಕಾಯುವ ಹಾಗೆಯೇ. ಅಷ್ಟು ಹೆದರಿಕೆಯ ನಡುವೆಯೂ ನನ್ನ ನಾಲಿಗೆ ಮೊದಲೇ ತಯಾರಿಸಿಟ್ಟ ಮಾತನ್ನು ಆಡಿತು. ಹೋಗಲು ಮನಸ್ಸುಂಟಂತೆ, ನೀಲಿ ಪುಸ್ತಕ ಮಾತ್ರ ಇಲ್ಲಿಯೇ ಇರಲಂತೆ, ನನಗೆ ಕೊಡಬೇಕಂತೆ ಎಂದೆ. ಅಜ್ಜಿ ಎರಡೂ ಮಾತಿಗೆ ತಲೆಯಾಡಿಸಿದರು. ಇನ್ನೂ ಕಾದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ನನ್ನ ಬಗ್ಗೆ ಎಂತಾದರೂ ಹೇಳಿದಳಾ?”

ಈ ಪ್ರಶ್ನೆಗೆ ನಾನು ಉತ್ತರ ತಯಾರಿಸಿಕೊಂಡಿರಲಿಲ್ಲ. ಇನ್ನೊಂದು ಸುಳ್ಳು ಸೇರಿಸಿದರೆ ಮೊದಲ ಎರಡೂ ಸಿಕ್ಕಿಬೀಳುತ್ತವೆ ಎಂಬ ಭಯ. ಪುಸ್ತಕ ಸಿಕ್ಕಿತಲ್ಲ ಎಂಬ ನೆಮ್ಮದಿಯೂ ಇತ್ತು. ಇಲ್ಲ ಎಂದೆ. ಅಜ್ಜಿ ಆಯಿತು ಎಂದು ಹೇಳಿ, ಮೊಣಕಾಲಿಗೆ ಕೈಯೂರಿ ಎದ್ದು, ಸಂಜೆಯ ಒಲೆಗೆ ತೆಂಗಿನ ಗರಿ ಮುರಿಯಲು ಹೋದರು.

ಮದುವೆ ಚೆನ್ನಾಗಿಯೇ ಆಯಿತು. ಬೆತ್ತದ ಕುರ್ಚಿಯ ಮೇಲೆ ಕೆಂಪು ಸೀರೆ, ಬಳೆ, ಮಲ್ಲಿಗೆ ದಂಡೆ. ಪಕ್ಕದ ಕುರ್ಚಿಯ ಮೇಲೆ ಪಂಚೆ, ಅಂಗಿ, ಮಡಚಿದ ಶಾಲು. ಎಲೆ ಹಾಕಿ ಬಡಿಸಿ, ಧಾರೆಯ ಶಾಸ್ತ್ರ ಮಾಡಿ, ಸಂಜೆಗೆ ಮೊದಲು ಹೆಣ್ಣನ್ನು ಒಪ್ಪಿಸಿಕೊಟ್ಟರು. ಪೆಟ್ಟಿಗೆ, ಕುರ್ಚಿ ಬಾಡಿಗೆ ಕಾರಿನ ನೆತ್ತಿಯ ಮೇಲೆ ಕೂತು ನಿಟ್ಟೆಯ ದಾರಿ ಹಿಡಿದವು. ಕಾರು ಮರೆಯಾಗುವವರೆಗೂ ಅಜ್ಜಿ ಅಂಗಳದಲ್ಲಿ ನಿಂತಿದ್ದರು, ಒಳಗೆ ಬಂದು ನೀಲಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಸುಮತಿಯೇ ಕೊಟ್ಟದ್ದು ಎಂದ ಮೇಲೆ ಮಾವ ಮಾತಾಡಲಿಲ್ಲ. ನಾನು ಚಾವಡಿಯಲ್ಲೇ ಕೂತು ದೊಡ್ಡದಾಗಿ ಓದಿದೆ, ಪಾಸಾದೆ, ಮುಂದೆ ಓದಿದೆ, ಉಡುಪಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ಅಜ್ಜಿ ಆಟಿಯಲ್ಲಿ ಸುಮತಿಗೆ ಎಲೆ ಹಾಕುವುದನ್ನು ನಿಲ್ಲಿಸಿದರು, ಅವಳ ಊಟ ಇನ್ನು ನಿಟ್ಟೆಯವರ ಜವಾಬ್ದಾರಿ. ಮೆಟ್ಟಿಲ ಬುಡದಲ್ಲಿ ಮತ್ತೆ ಕೂರಲೂ ಇಲ್ಲ. ಅವರು ಸ್ವಲ್ಪ ಸ್ವಲ್ಪವೇ ಮಾತು ಕಡಿಮೆ ಮಾಡಿದರು. ವಯಸ್ಸಾಯಿತು ಎಂದರು ಎಲ್ಲರೂ. ಅದು ವಯಸ್ಸಲ್ಲ, ನಾನು ಹೇಳಿದ ಇಲ್ಲ ಎಂಬ ಮಾತು ಎಂದು ಬಲ್ಲವಳು ನಾನೊಬ್ಬಳೇ. ಮಕ್ಕಳಿಗೆ ಪಾಠ ಹೇಳುವಾಗಲೆಲ್ಲ ನನ್ನ ಬೆನ್ನ ಹಿಂದೆ ಅದು ನಿಂತಿರುತ್ತಿತ್ತು.

ಎಂಟು ವರ್ಷದ ನಂತರ ಅಜ್ಜಿ ಹಾಸಿಗೆ ಹಿಡಿದರು. ರಜ ಹಾಕಿ ಕಾಪುವಿಗೆ ಬಂದೆ. ಒಂದು ಮಧ್ಯಾಹ್ನ, ಊಟದ ನಂತರ ಎಲ್ಲರೂ ಮಲಗಿರುವಾಗ, ಚಾವಡಿಯಲ್ಲಿ ಅವರ ಕಾಲು ಒತ್ತುತ್ತ ಎಲ್ಲ ಹೇಳಿಬಿಟ್ಟೆ. ಪುಸ್ತಕ ಕದ್ದದ್ದು, ಮಜ್ಜಿಗೆ ಕುಡಿದದ್ದು, ರೈಲಿನ ಪಾಠ, ಬೇಸಿಗೆಯುದ್ದಕ್ಕೂ ಕೇಳಿದ ದನಿ ನನ್ನದೇ ಎಂಬುದು. ಆದರೆ ಆ ಕೊನೆಯ ದಿನ ನಾನು ಪ್ರಶ್ನೆ ಬಿಟ್ಟು ಬೇರೇನೂ ಆಡಲಿಲ್ಲ, ಉತ್ತರವೆಂದು ಒಂದು ಶಬ್ದವೂ ನನಗೆ ಕೇಳಲಿಲ್ಲ, ನಿಮಗೆ ಹೇಳಿದ್ದೆಲ್ಲ ನಾನು ಕಟ್ಟಿದ್ದು ಎಂದೆ. ಅಳುತ್ತಿದ್ದೆ. ಬೈದರೆ ಸಾಕು ಎನಿಸಿತ್ತು. ಅಜ್ಜಿ ಹಂಚಿನ ಮಾಡಿನ ಕಡೆಗೇ ನೋಡುತ್ತ ಮಲಗಿದ್ದರು.

“ಬೇಸಿಗೆಯದ್ದು ನೀನೇ ಇರಬಹುದು. ಆ ದಿನದ್ದು ನೀನಲ್ಲ. ನಿನ್ನ ದನಿ ನನಗೆ ಗೊತ್ತಿಲ್ವಾ?”

ಅವರು ಉಸಿರು ತೆಗೆದುಕೊಂಡು ಮುಂದುವರಿಸಿದರು.

“ಅವಳು ಅಷ್ಟುದ್ದ ಹೇಳಿದಳು, ನೀನು ಎರಡೇ ಮಾತು ಹೇಳಿದೆ. ಉಳಿದದ್ದು ಎಲ್ಲಿ ಹೋಯಿತು ಅಂತ ನಾನು ಎಷ್ಟು ಯೋಚನೆ ಮಾಡಿದ್ದೇನೆ. ನಿನಗೆ ಕೇಳಲೇ ಇಲ್ಲ ಅಂತಾದರೆ, ಆ ಉಳಿದದ್ದರಲ್ಲಿ ನಾನು ಇದ್ದಿರಬಹುದು ಅಲ್ವಾ?”

ಇರಬಹುದು ಅಜ್ಜಿ, ಇದ್ದೇ ಇರಬಹುದು ಎಂದೆ. ಅವರ ಮುಖದಲ್ಲಿ ಆ ಹಳೆಯ ಬೆಳಕು ನಿಧಾನವಾಗಿ ಬಂತು. ಉಪ್ಪರಿಗೆಯ ಮೆಟ್ಟಿಲ ಕಡೆಗೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ಹೊರಗೆ ಅಂಗಳದ ಮರಳು ಬೆಳ್ಳಗೆ ಕಾಯುತ್ತಿತ್ತು, ಸಮುದ್ರದ ಸದ್ದು ದೂರ ಸರಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಕೈ ಎತ್ತಿ, ಮಾತಾಡಬೇಡ, ನನಗೆ ಕೇಳಿಸಲಿ ಎಂದು ಸನ್ನೆ ಮಾಡಿದರು. ನಾನು ಆಗ ಮಾತಾಡುತ್ತಿರಲಿಲ್ಲ.